ಕಂಬದೊಳಗಿನ ಎಕ್ಸ್‌ರೇ

ಮಸಾರಿಕೊಪ್ಪದ ಜನರ ಎಲುಬುಗಳು ಶಿರಹಟ್ಟಿ ತಾಲೂಕಿನ ಉಳಿದವರ ಎಲುಬುಗಳಂತೆಯೇ ಮುರಿಯುತ್ತವೆ ಎಂಬುದು ಸರ್ಕಾರಿ ದಾಖಲೆಗಳಿಂದ ದೃಢಪಟ್ಟ ಸಂಗತಿ. ಮುರಿದಿದೆ ಎಂದು ತಿಳಿಯಲು ಮಾತ್ರ ಗದಗಿಗೆ ಹೋಗಬೇಕಿತ್ತು. ಊರು ಬಿಡುವಾಗ ಮುರಿಯದಿದ್ದ ಎಲುಬೂ ಬಸ್ಸಿನ ಕುಲುಕಾಟಕ್ಕೆ ದಾರಿಯಲ್ಲಿ ಮುರಿದಿರುತ್ತಿದ್ದುದರಿಂದ ಅಲ್ಲಿಯ ವರದಿ ಎಂದೂ ಸುಳ್ಳಾಗಲಿಲ್ಲ.

ಗದಗ ಹೊಸ ಜಿಲ್ಲೆಯಾದಂದಿನಿಂದ ನಿವೃತ್ತ ಚಿತ್ರಕಲಾ ಶಿಕ್ಷಕ ದ್ಯಾಮಪ್ಪ ಮಾಸ್ತರರು ಊರ ದವಾಖಾನೆಗೆ ಎಕ್ಸ್‌ರೇ ಯಂತ್ರ ಬೇಕೆಂದು ಅರ್ಜಿ ಹಾಕುತ್ತಲೇ ಬಂದಿದ್ದರು. ಚಪ್ಪಲಿ ಸವೆದವು, ಸಾಹೇಬರು ಬದಲಾದರು, ಕೊನೆಗೆ ಯಂತ್ರ ಮಂಜೂರಾಗುವ ಹಂತಕ್ಕೆ ಬಂತು. ಡಾಕ್ಟರ್ ಅಸ್ಮಾ ಅದಕ್ಕಾಗಿ ಒಂದು ಕೋಣೆಗೆ ಸುಣ್ಣ ಹೊಡೆಸಿ ಇಟ್ಟರು.

ಅಷ್ಟರಲ್ಲಿ ‘ಪುರಾತನ ಪ್ರಗತಿ ಪ್ರಾಧಿಕಾರ’ದಿಂದ ಪ್ರಕಟಣೆ ಹೊರಟಿತು: “ಪ್ರಪಂಚದ ಸಕಲ ಯಂತ್ರಗಳೂ ಮೊದಲು ನಮ್ಮಲ್ಲಿಯೇ ಇದ್ದವೆಂದು ತೀರ್ಮಾನವಾಗಿದೆ. ಸದರಿ ತೀರ್ಮಾನಕ್ಕೆ ಬೇಕಾಗುವ ಪುರಾವೆಗಳನ್ನು ಪ್ರತಿಯೊಂದು ಊರೂ ಹುಡುಕಿ ಕಳಿಸತಕ್ಕದ್ದು. ಏನೂ ಇರಲಿಲ್ಲವೆಂಬ ವರದಿಯನ್ನು ಸ್ವೀಕರಿಸಲಾಗುವುದಿಲ್ಲ.”

ದೇಶಾಭಿಮಾನದಲ್ಲಿ ಮಾಸ್ತರರು ಯಾರಿಗೂ ಸೋತವರಲ್ಲ. ಕೂಡಲೇ ಸಮಿತಿ ರಚನೆಯಾಯಿತು. ಅವರೇ ಅಧ್ಯಕ್ಷರು, ಪಂಚಾಯಿತಿಯ ಗುಮಾಸ್ತ ಬೀರಲಿಂಗಪ್ಪ ಕಾರ್ಯದರ್ಶಿ, ಸಭೆ ಸೇರುವುದು ತನ್ನ ಮಿರ್ಚಿ ಅಂಗಡಿಯಲ್ಲೇ ಆದ್ದರಿಂದ ಮರ್ದಾನಸಾಬ ಸದಸ್ಯ. ಮುಂಡರಗಿ ಕಡೆಯವರು ರಾಶಿ ತೂರುವುದನ್ನು ತೋರಿಸಿ ಗಾಳಿ ವಿದ್ಯುತ್ತನ್ನು ತಮ್ಮದಾಗಿಸಿಕೊಂಡಿದ್ದರು. ಇನ್ನು ತಡ ಮಾಡಿದರೆ ಒಳ್ಳೊಳ್ಳೆಯ ಯಂತ್ರಗಳೆಲ್ಲ ಬೇರೆ ಊರಿನ ಪಾಲಾಗುವ ಭಯವಿತ್ತು.

“ಈ ಮೆಣಸಿನಕಾಯಿನೂ ಹೊರದೇಶದಿಂದ ಬಂದದ್ದಂತ್ರಿ,” ಎಂದ ಮರ್ದಾನಸಾಬ. ಎಲ್ಲರ ಬಾಯಲ್ಲೂ ಮಿರ್ಚಿ ಇದ್ದುದರಿಂದ ಯಾರೂ ಉತ್ತರಿಸಲಿಲ್ಲ. ಸದರಿ ಹೇಳಿಕೆಯನ್ನು ನಡಾವಳಿಯಿಂದ ತೆಗೆದುಹಾಕಲಾಯಿತು.

ಪುರಾವೆ ಸಿಕ್ಕಿದ್ದು ಊರ ಹಳೆಯ ಗುಡಿಯಲ್ಲಿ. ಅಲ್ಲಿಯ ಕಂಬವೊಂದರ ಮೇಲೆ ಮೈಯಲ್ಲಿ ಎಲುಬು ಬಿಟ್ಟರೆ ಬೇರೇನೂ ಇಲ್ಲದ ಒಂದು ಮೂರ್ತಿ. ಮಾಸ್ತರರು ಅದರ ಪಕ್ಕೆಲುಬುಗಳ ಮೇಲೆ ಬೆರಳಾಡಿಸಿ ಗದ್ಗದಿತರಾದರು.

“ಅಂವಾ ಭೃಂಗಿ ಅಲ್ಲೇನ್ರಿ?” ಎಂದಳು ದೀಪಕ್ಕೆ ಎಣ್ಣೆ ಹಾಕಲು ಬಂದಿದ್ದ ಅವರ ಹೆಂಡತಿ ಸಾವಿತ್ರೆವ್ವ. “ಪಾರ್ವತಿ ಶಾಪಕ್ಕ ಮೈಯಾಗಿನ ಮಾಂಸ ಹೋತು.”

“ಶಾಪ ಅಂತ ಹಿರ್ಯಾರು ಗುಟ್ಟಾಗಿ ಹೇಳ್ಯಾರ. ಮಾಂಸ ಕಾಣಂಗಿಲ್ಲ, ಎಲುಬಷ್ಟ ಕಾಣತಾವ. ಎಕ್ಸ್‌ರೇ ಅಂದ್ರ ಮತ್ತೇನು?”

“ಹಂಗಾದ್ರ ನಮ್ಮ ಎಮ್ಮಿ ಕರಾನೂ ಎಕ್ಸ್‌ರೇನ ಐತಿ ಬಿಡ್ರಿ.”

ಕರುವನ್ನು ಅನುಬಂಧದಲ್ಲಿ ಸೇರಿಸಬೇಕೋ ಬೇಡವೋ ಎಂಬ ವಿಷಯವನ್ನು ಮುಂದಿನ ಸಭೆಗೆ ಬಿಡಲಾಯಿತು. ಕಂಬದ ಚಿತ್ರವನ್ನು ಮಾಸ್ತರರೇ ಬರೆದು ವರದಿಯ ಜೊತೆ ಕಳಿಸಿದರು.

ಪ್ರಾಧಿಕಾರದ ಉತ್ತರ ಜಲ್ದಿ ಬಂತು. ಬೀರಲಿಂಗಪ್ಪ ಅದನ್ನು ಎದ್ದು ನಿಂತು ಓದಿದ: “ತಮ್ಮ ಊರಲ್ಲಿ ಸಾವಿರ ವರ್ಷಗಳಿಂದ ಎಕ್ಸ್‌ರೇ ಸೌಲಭ್ಯವಿರುವುದು ರುಜುವಾತಾಗಿದೆ. ಅಭಿನಂದನೆಗಳು. ಒಂದೇ ಊರಿಗೆ ಎರಡು ಯಂತ್ರ ಕೊಡಲು ನಿಯಮದಲ್ಲಿ ಅವಕಾಶವಿಲ್ಲವಾದ್ದರಿಂದ, ಹೊಸ ಯಂತ್ರದ ಬೇಡಿಕೆಯನ್ನು ಕೈಬಿಡಲಾಗಿದೆ.”

ಮಾಸ್ತರರ ಎದೆ ಉಬ್ಬಿತು. ಉಬ್ಬಿದ ಎದೆಯೊಳಗೆ ಏನೋ ಧಸಕ್ಕೆಂದಿತು. ಅಷ್ಟು ವರ್ಷ ತಿರುಗಿ ತಂದ ಯಂತ್ರವನ್ನು ಒಂದು ಚಿತ್ರ ಬರೆದು ತಾವೇ ಹಿಂದಕ್ಕೆ ಕಳಿಸಿದ್ದರು. ಆದರೆ ಊರವರು ಚಪ್ಪಾಳೆ ಹೊಡೆಯುತ್ತಿದ್ದರು, ಅವರೂ ಹೊಡೆದರು.

ಕಂಬದ ಲೋಕಾರ್ಪಣೆಯ ದಿನ ಮೂರ್ತಿಗೆ ಮಾಲೆ ಹಾಕಲು ಮಾಸ್ತರರು ಸ್ಟೂಲ್ ಹತ್ತಿದರು. ಸ್ಟೂಲ್ ಹೊರಳಿತು. ಅವರು ಬಿದ್ದ ಸಪ್ಪಳಕ್ಕಿಂತ ಕಾಲು ಲಟಕ್ಕೆಂದ ಸಪ್ಪಳ ಜೋರಾಗಿತ್ತು.

ಡಾಕ್ಟರ್ ಅಸ್ಮಾ ಓಡಿ ಬಂದು ಮುಟ್ಟಿ ನೋಡಿದರು. “ಮುರದಂಗ ಕಾಣತೈತ್ರಿ ಮಾಸ್ತರ. ಗದಗಿಗೆ ಹೋಗಿ ಎಕ್ಸ್‌ರೇ ತಗಸ್ರಿ.”

“ಅದ್ಹೆಂಗ ಆಗತೈತ್ರಿ?” ಎಂದ ಬೀರಲಿಂಗಪ್ಪ. “ಅಧ್ಯಕ್ಷರೇ ಪರ ಊರಿಗೆ ಎಕ್ಸ್‌ರೇಕ್ಕ ಹೋದ್ರ ದೇಶದ ಮರ್ಯಾದಿ ಏನಾಗಬೇಕು?”

ಎಲ್ಲರೂ ಮಾಸ್ತರರ ಮುಖ ನೋಡಿದರು. ಕಾಲು ಗದಗ ಗದಗ ಎಂದು ಬಡಿದುಕೊಳ್ಳುತ್ತಿತ್ತು. ಬಾಯಿ ಮಾತ್ರ, “ಇಲ್ಲೇ ತಗೀರಿ,” ಎಂದಿತು.

ಅವರ ಕಾಲನ್ನು ಕಂಬಕ್ಕೆ ಆನಿಸಿ ಸಮಿತಿ ಪರಿಶೀಲಿಸಿತು. ಬೀರಲಿಂಗಪ್ಪನಿಗೆ ಕಂಬದಲ್ಲಿ ಎಲುಬು ಸ್ವಚ್ಛವಾಗಿ ಕಂಡಿತು, ಮುರಿದಿರಲಿಲ್ಲ.

“ಮುರದೈತ್ರಿ,” ಎಂದ ಮರ್ದಾನಸಾಬ. “ನಾ ಕಂಬ ನೋಡಿಲ್ಲ. ಅವರ ಮಾರಿ ನೋಡೇನಿ.”

ಅಭಿಪ್ರಾಯ ಸಮಸಮ ಆದಾಗ ಅಧ್ಯಕ್ಷರ ಮತವೇ ಅಂತಿಮ. ಸಾವಿತ್ರೆವ್ವ ಗಂಡನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, “ಕಾಲು ನಿಮ್ಮದ ಐತಿ. ಖರೆ ಹೇಳ್ರಿ,” ಎಂದಳು. ಮಾಸ್ತರರ ಕಣ್ಣಲ್ಲಿ ನೀರು ಬಂತು. ಅದನ್ನು ಊರವರು ಅಭಿಮಾನದ ಕಣ್ಣೀರು ಎಂದುಕೊಂಡರು.

“ಮುರದಿಲ್ಲ,” ಎಂದರು ಮಾಸ್ತರರು, ಹಲ್ಲು ಕಚ್ಚಿ ಕೈ ಎತ್ತುತ್ತ.

ಈಗ ಬೇರೆಯೇ ತೊಡಕು ಎದ್ದಿತು. ಮುರಿಯದ ಕಾಲಿಗೆ ಪ್ಲಾಸ್ಟರ್ ಹಾಕಲು ನಿಯಮವಿಲ್ಲ ಎಂದರು ಅಸ್ಮಾ. ಸಮಿತಿ ಅಲ್ಲೇ ಇನ್ನೊಂದು ಠರಾವು ಮಾಡಿತು: ಅಧ್ಯಕ್ಷರಿಗೆ ಶಾಲಿನ ಬದಲು ಪ್ಲಾಸ್ಟರ್ ಹೊದಿಸಿ ಸನ್ಮಾನಿಸತಕ್ಕದ್ದು. ಎಲುಬು ಎಲ್ಲಿ ಹೇಗಿದೆಯೋ ಕಾಣದೆ ಅಸ್ಮಾ ಅಂದಾಜಿನ ಮೇಲೆ ಸನ್ಮಾನ ಸುತ್ತಿದರು. ಜನ ಸಾಲಾಗಿ ಬಂದು ಅದಕ್ಕೆ ಮಾಲೆ ಹಾಕಿದರು. “ಮಾಡಿದ್ದುಣ್ಣೋ ಮಾರಾಯ,” ಎಂದ ಸಾವಿತ್ರೆವ್ವ ಅಂದು ಉಪವಾಸ ಮಲಗಿದಳು.

ಸನ್ಮಾನ ಬಿಚ್ಚಿದಾಗ ಕಾಲು ಹೊರಗೆ ಹೊರಳಿ ಕೂಡಿಕೊಂಡಿತ್ತು. ಸುಣ್ಣ ಹೊಡೆದ ಕೋಣೆ ಈಗ ಸಮಿತಿಯ ಕಚೇರಿ. ಮಾಸ್ತರರು ಕುಂಟುತ್ತ ಅಲ್ಲಿಗೆ ದಿನಾ ಬರುತ್ತಾರೆ. ಪರ ಊರಿನವರು ಯಾರಾದರೂ, “ಕಾಲಿಗೆ ಏನಾತ್ರಿ?” ಎಂದು ಕೇಳಿದರೆ ನಿಂತು ಉತ್ತರ ಕೊಡುತ್ತಾರೆ.

“ಏನೂ ಆಗಿಲ್ರಿ. ಇದು ಮೊದಲಿಂದನೂ ಹಿಂಗ ಇತ್ತು.”

ಪಕ್ಕದಲ್ಲಿರುವ ಊರವರು ಹೌದೆನ್ನುತ್ತಾರೆ.