ಷಡ್ಡಕನ ಬ್ಯಾಟರಿ

ಹೊಟ್ಟೆಕಿಚ್ಚು ನನ್ನ ಹುಟ್ಟುಗುಣವಲ್ಲ, ಮದುವೆಯಿಂದ ಬಂದದ್ದು. ಹೆಂಡತಿಯ ಜೊತೆಗೆ ಆಕೆಯ ತಂಗಿಯ ಗಂಡನೂ ಬರುತ್ತಾನೆಂದು ಯಾರಾದರೂ ಮೊದಲೇ ಹೇಳಿದ್ದರೆ ಸ್ವಲ್ಪ ಯೋಚಿಸುತ್ತಿದ್ದೆ. ಷಡ್ಡಕ ಬಸವರಾಜ ನನಗಿಂತ ಎತ್ತರ, ತಲೆತುಂಬ ಕೂದಲು. ಅದನ್ನೆಲ್ಲ ಹೇಗೋ ಸಹಿಸಿಕೊಂಡಿದ್ದೆ. ಆದರೆ ನಾನು ಹೈದರಾಬಾದಿನ ಅಬಿಡ್ಸ್‌ನಲ್ಲಿ ಲ್ಯಾಪ್‌ಟಾಪ್ ಕೊಂಡ ಮರುವಾರವೇ ಅವನೂ ಅದೇ ಅಂಗಡಿಯಲ್ಲಿ ಅಂಥದ್ದೇ ಒಂದನ್ನು ಕೊಂಡ. ಅವನದು ಬಟನ್ ಮುಟ್ಟಿದರೆ ಸಾಕು, ಓಡುತ್ತಿತ್ತು. ನನ್ನದು ಯೋಚಿಸಿ ಹೆಜ್ಜೆಯಿಡುತ್ತಿತ್ತು. ಕಾರಣ ನಾನೇ. ಆಂಧ್ರ ಇನ್ನೂ ಒಂದಾಗಿದ್ದ ಆ ದಿನಗಳಲ್ಲಿ, ಹೈದರಾಬಾದಿನ ಬೇಸಿಗೆಯಲ್ಲಿ ಕರೆಂಟ್ ಯಾವಾಗ ಹೋದೀತೋ ಹೇಳಲಾಗುತ್ತಿರಲಿಲ್ಲ. ಬ್ಯಾಟರಿ ಉಳಿಸಲೆಂದು ಪರದೆ ಮಂಕು ಮಾಡಿ, ಪ್ರೊಸೆಸರಿನ ವೇಗ ತಗ್ಗಿಸಿ, ತುಸು ಸುಮ್ಮನಿದ್ದರೂ ನಿದ್ದೆಹೋಗುವಂತೆ ಏರ್ಪಾಟು ಮಾಡಿದ್ದೆ. "ಇದನ್ನ ಎಬ್ಬಸೂದರಾಗ ನನ್ನ ಒಗ್ಗರಣಿ ಮುಗೀತೈತಿ," ಎನ್ನುತ್ತಿದ್ದಳು ಹೆಂಡತಿ. ಆಕೆಗೇನು ಗೊತ್ತು, ನಾನು ಕಾಯುತ್ತಿದ್ದುದು ಬಸವರಾಜನ ಬ್ಯಾಟರಿ ಕೈಕೊಡುವ ದಿನವನ್ನು.

ಆ ದಿನ ಕಾಚಿಗುಡದ ಮಾವನವರ ಮನೆಯಲ್ಲಿ ಬಂತು. ಅವರ ಎಪ್ಪತ್ತೈದರ ಸಮಾರಂಭದ ಫೋಟೋಗಳನ್ನು ನಾವಿಬ್ಬರು ಅಳಿಯಂದಿರೂ ತೆಗೆದಿದ್ದೆವು. ನಡುಮನೆಯ ಗೋಡೆಗೆ ಹಾಕಲು ಅವರು ಒಂದನ್ನು ಆರಿಸಬೇಕಿತ್ತು. ಅದು ನನ್ನದೇ ಆಗಬೇಕೆಂಬುದು ನನ್ನ ಹಟ. ಕರೆಂಟ್ ಹೋಗಿತ್ತು. ಬಸವರಾಜನ ಪರದೆ ಥಳಥಳ ಹೊಳೆಯಿತು, ಫೋಟೋಗಳು ಸರಸರ ಸರಿದವು, ಅರ್ಧಕ್ಕೇ ಎಲ್ಲ ಗಪ್ಪನೆ ಆರಿತು. ನನಗಾದ ಆನಂದವನ್ನು ಕೆಮ್ಮಿ ಮುಚ್ಚಿಕೊಂಡೆ.

"ಈಗ ನಂದು ನೋಡ್ರಿ ಮಾವಾರ," ಎಂದು ಮುಂದೆ ಸರಿಸಿದೆ. ಮಾವನವರು ಮುಂದಿನ ಫೋಟೋಗೆ ಹೋಗುವ ಬಟನ್ ಒತ್ತಿದರು. ಏನೂ ಆಗಲಿಲ್ಲ. ಮತ್ತೆ ಒತ್ತಿದರು, ಸಿಟ್ಟಿನಿಂದ ಮತ್ತೂ ಒತ್ತಿದರು. ಲ್ಯಾಪ್‌ಟಾಪ್ ಅಷ್ಟನ್ನೂ ನೆನಪಿಟ್ಟುಕೊಂಡು ಒಮ್ಮೆಲೇ ಎಚ್ಚೆತ್ತು, ನಾನು ಮುತುವರ್ಜಿಯಿಂದ ತೆಗೆದ ಹಾರ, ಆರತಿಯ ಫೋಟೋಗಳನ್ನೆಲ್ಲ ದಾಟಿ, ಊಟದ ಎಲೆಗಳ ಮುಂದೆ ಬಂದು ನಿಂತಿತು.

"ಇದರಾಗ ನಾನ ಇಲ್ಲಲ್ರೀ," ಎಂದರು ಮಾವನವರು.

ಅಷ್ಟರಲ್ಲಿ ಕರೆಂಟ್ ಬಂತು. ಆದರೆ ಬಸವರಾಜ ಚಾರ್ಜರನ್ನು ತನ್ನ ಮನೆಯಲ್ಲೇ ಮರೆತು ಬಂದಿದ್ದ. ನನ್ನ ಎದೆ ಹಗುರಾಯಿತು. ಮಾವನವರು ನನ್ನ ಕಡೆ ತಿರುಗಿದರು. "ನಿಮ್ಮ ಚಾರ್ಜರ್ ಅವರಿಗೆ ಕೊಡ್ರಿ. ನಿಮ್ಮ ಬ್ಯಾಟರಿ ಭಾಳ ಹೊತ್ತು ಬರ್ತೈತಲ್ಲ, ನಿಮಗ್ಯಾಕ ಬೇಕು?"

ಕೊಟ್ಟೆ. ಆ ಮನೆಯ ಪ್ಲಗ್ ಸಡಿಲ. ಬಸವರಾಜ ತೆಗೆದ ಫೋಟೋ ಗೋಡೆಗೆಂದು ಆಯ್ಕೆಯಾಗುವವರೆಗೂ ಚಾರ್ಜರ್ ಜಾರದಂತೆ ಒತ್ತಿಹಿಡಿದು ನಿಂತವನು ನಾನೇ.