ನನ್ನ ಬಲ ಮಂಡಿ ಮತ್ತು ಎದುರುಮನೆ ಆಂಟಿ

ಬ್ಯಾಡ್ಮಿಂಟನ್ ಆಡಿ ಮಂಡಿಯ ಲಿಗಮೆಂಟು ಹರಿದುಕೊಂಡವರು ಅಮೆರಿಕದ ಈ ಕಡೆ ಬೇಕಾದಷ್ಟು ಜನ ಇದ್ದಾರೆ. ಅವರೆಲ್ಲ ಆಪರೇಷನ್ ಮಾಡಿಸಿಕೊಂಡು ಸುಮ್ಮನೆ ವಾಸಿಯಾಗುತ್ತಾರೆ. ನನಗೆ ಮಾತ್ರ ಯಾವುದೂ ಸುಮ್ಮನೆ ಆಗುವುದಿಲ್ಲ. ಆಪರೇಷನ್ ಮಾಡಿದ ಡಾಕ್ಟರು, ಬಲ ಮಂಡಿ ಚೆನ್ನಾಗಿ ಮಡಚುವವರೆಗೆ ಕಾರು ಓಡಿಸಬೇಡ ಎಂದರು. ವಾಲ್ನಟ್ ಕ್ರೀಕ್ ಊರಿನ ಫಿಸಿಯೋಥೆರಪಿ ಕ್ಲಿನಿಕ್ಕಿಗೆ ಕರೆದೊಯ್ಯುವ ಹೊಣೆಯನ್ನು ಎದುರು ಅಪಾರ್ಟ್‌ಮೆಂಟಿನ ಮೈಸೂರು ಆಂಟಿ ಹೊತ್ತುಕೊಂಡರು. ನಾನು ಬೇಡ ಎನ್ನಲು ಬಾಯಿ ತೆರೆಯುವಷ್ಟರಲ್ಲಿ ಕಾರು ಫ್ರೀವೇ ಮೇಲಿತ್ತು. ದಾರಿಯುದ್ದಕ್ಕೂ ನನ್ನ ಮದುವೆಯ ಚರ್ಚೆ, ಅವರಿಗೆ ಗೊತ್ತಿರುವ ಒಬ್ಬ ಹುಡುಗನ ವರ್ಣನೆ. ಹೇಗಾದರೂ ಮಾಡಿ ಬೇಗ ಮಂಡಿ ಮಡಚಬೇಕು ಎಂದು ಅವತ್ತೇ ತೀರ್ಮಾನಿಸಿದೆ.

೧. ನಾಲ್ಕು ಕಾಲು

ಅಲ್ಲಿ ವ್ಯಾಯಾಮವೆಲ್ಲ ವಿ.ಆರ್. ಗೇಮು, ಇಲ್ಲದ್ದನ್ನು ಕಣ್ಣೆದುರು ತೋರಿಸುವ ಆಟ. ಕಣ್ಣಿಗೆ ಹೆಡ್‌ಸೆಟ್ಟು, ಎದುರಿಗೆ ಕಾಲಿನ ಚಲನೆ ಅಳೆಯುವ ಕ್ಯಾಮೆರಾ. ಮೊದಲ ದಿನ ಎರಡು ಕಟ್ಟಡಗಳ ನಡುವಿನ ಹಲಗೆ ದಾಟಬೇಕಿತ್ತು. "ತುಂಬಾ ಎತ್ತರ ಇದೆ" ಎಂದು ಗೊಣಗಿದ್ದೇ ತಪ್ಪಾಯಿತು. ಆಂಟಿ ಹಿಂದಿನಿಂದ ಬಂದು ಸೊಂಟ ಹಿಡಿದುಕೊಂಡರು. "ನಾನಿದೀನಿ, ನಡಿ ಪುಟ್ಟಿ." ಇಬ್ಬರೂ ರೈಲಿನ ಹಾಗೆ ದಾಟಿದೆವು.

ಥೆರಪಿಸ್ಟ್ ಸ್ಕ್ರೀನು ನೋಡಿ ತಲೆ ಕೆರೆದುಕೊಂಡ. "ಬಲಗಾಲು ಎರಡು ತೋರಿಸ್ತಿದೆ. ಆಪರೇಷನ್ ಆಗಿದ್ದು ಯಾವುದಕ್ಕೆ?"

೨. ಅಮ್ಮನ ಸಂಶಯ

ಮುಂದಿನ ವಾರ ಫುಟ್‌ಬಾಲು. ಚೆಂಡು ಕಾಣುವುದು ನನಗೊಬ್ಬಳಿಗೆ. ಖಾಲಿ ಗಾಳಿಗೆ ಒದೆಯುತ್ತಾ, ಚೆಂಡು ಮುಖಕ್ಕೆ ಬಂದಾಗ ಬಗ್ಗುತ್ತಾ ಇದ್ದೆ. ಆಂಟಿ ನನಗೆ ಹೇಳದೆ ಬೆಂಗಳೂರಿನಲ್ಲಿದ್ದ ಅಮ್ಮನಿಗೆ ವಿಡಿಯೋ ಕಾಲ್ ಮಾಡಿದ್ದರು. "ನೋಡ್ರೀ, ಮಗಳು ಎಷ್ಟು ಇಂಪ್ರೂವ್ ಆಗಿದಾಳೆ."

ಅಮ್ಮ ಮೆಲ್ಲಗೆ ಕೇಳಿದರು: "ಆಪರೇಷನ್ನು ಮಂಡಿಗೆ ತಾನೇ ಮಾಡಿದ್ದು?"

೩. ಪುಸ್ತಕದ ರಾಶಿ

ಆರನೇ ವಾರವೂ ಮಂಡಿ ಅರ್ಧಕ್ಕೇ ನಿಂತಿತ್ತು. ಇನ್ನೆಷ್ಟು ದಿನ ಈ ಕಾರಿನಲ್ಲಿ ಎಂದು ಅಳು ಬರುವಂತಾಗಿತ್ತು. ಅವತ್ತಿನ ಗೇಮಿನಲ್ಲಿ ಸಾಮಾನು ಹರಡಿದ ಕೋಣೆ. ಯಾವುದಕ್ಕೂ ತಗಲದಂತೆ ಕಾಲೆತ್ತಿ ದಾಟಬೇಕು. ಪುಸ್ತಕದ ರಾಶಿಯೊಂದಕ್ಕೆ ಕಾಲು ತಗಲಿತು. ಯೋಚಿಸುವ ಮೊದಲೇ ಕುಕ್ಕರಿಸಿ ಕೂತು ಪುಸ್ತಕ ಮುಟ್ಟಿ ಕಣ್ಣಿಗೊತ್ತಿಕೊಂಡಿದ್ದೆ. ಕೈ ಹೋಗಿ ಹೆಡ್‌ಸೆಟ್ಟಿಗೆ ಟಕ್ಕೆಂದು ಬಡಿಯಿತು.

"ಪೂರ್ತಿ ಮಡಚಿತು," ಎಂದ ಥೆರಪಿಸ್ಟ್. "ಇದು ಯಾವ ಎಕ್ಸರ್‌ಸೈಜು?"

ಆಂಟಿ ಅವನಿಗೆ ಇಂಗ್ಲಿಷಿನಲ್ಲಿ ಸರಸ್ವತಿಯಿಂದ ಶುರು ಮಾಡಿ ವಿವರಿಸಿದರು. ಖಾತ್ರಿಯಾಗಲೆಂದು ಅವನು ಗೇಮಿನ ಕೋಣೆ ತುಂಬಾ ಪುಸ್ತಕ ಹರಡಿದ. ಒಂದೊಂದಕ್ಕೂ ಕಾಲು ತಗಲಿಸಿ, ಒಂದೊಂದಕ್ಕೂ ನಮಸ್ಕಾರ ಮಾಡಿದೆ. ಅವನು ಕಾಲಿನ ಬಲವನ್ನೂ ನೋಡಿ, ಕಾರು ಓಡಿಸಬಹುದು ಎಂದು ಬರೆದುಕೊಟ್ಟ.

ಇನ್ನು ಯಾರ ಹಂಗೂ ಇಲ್ಲ ಎಂದುಕೊಂಡು ಪಾರ್ಕಿಂಗ್ ಲಾಟಿಗೆ ಬಂದೆ. ಆಂಟಿ ಕೀಲಿಯನ್ನು ನನ್ನ ಕೈಗಿಟ್ಟು, ಪಕ್ಕದ ಸೀಟಿನಲ್ಲಿ ಉಸ್ಸಪ್ಪಾ ಎಂದು ಕೂತರು.

"ನೀನೇ ಓಡಿಸು ಪುಟ್ಟಿ. ಒಂದು ತಿಂಗಳಿಂದ ನನ್ನ ಮಂಡಿ ಬ್ರೇಕ್ ಒತ್ತೋಕೇ ಬಿಡ್ತಿಲ್ಲ. ನೀನು ಹೆದರ್ತೀಯ ಅಂತ ಹೇಳ್ಲಿಲ್ಲ."

ನಾನು ಆ ತಿಂಗಳ ಫ್ರೀವೇ ಸವಾರಿಗಳನ್ನು ಎಣಿಸುತ್ತಾ ಡ್ರೈವರ್ ಸೀಟಿನಲ್ಲಿ ಕೂತೆ.

"ಬುಧವಾರದಿಂದ ನಂದೂ ಇಲ್ಲೇ ಅಪಾಯಿಂಟ್‌ಮೆಂಟು," ಎಂದರು. "ಹೇಗೂ ನೀನು ಕರ್ಕೊಂಡು ಬರ್ತೀಯಲ್ಲ. ದಾರೀಲಿ ಆ ಹುಡುಗನ ವಿಷಯ ಪೂರ್ತಿ ಹೇಳ್ತೀನಿ."