ಅಮ್ಮ ನನ್ನ ಕೆಲಸ ನೋಡಲು ಬಂದದ್ದು

ನಮ್ಮ ವಂಶದಲ್ಲಿ ಮೊದಲು ಡಿಗ್ರಿ ಪಡೆದವನು ನಾನು. ಯಾರೂ ಕೇಳದಿದ್ದರೂ ಹೇಳುತ್ತೇನೆ. ಅಪ್ಪ ಜೀವನವಿಡೀ ಸಮ್ಮಟಿಗೆ ಹಿಡಿದು ಕಲ್ಲು ಒಡೆದರು. ಆ ದೂಳಿಗೇ ಎದೆ ಕೆಟ್ಟು ಹೋದರು. "ನನ್ನ ಮಗ ಇದನ್ನ ಮುಟ್ಟಬಾರದು" ಎಂದು ಕೊನೆಯವರೆಗೂ ಹೇಳುತ್ತಿದ್ದರು. ಆದ್ದರಿಂದ ನನ್ನ ಕೆಲಸ ಕಂಪ್ಯೂಟರ್ ಮುಂದೆ ಎಂದಷ್ಟೇ ಅಮ್ಮನಿಗೆ ಹೇಳಿದ್ದೆ.

ಅರ್ಧ ಸತ್ಯ. ಕಟ್ಟಡ ಏಳುವ ಮೊದಲು ಮಣ್ಣು ಎಷ್ಟು ಗಟ್ಟಿ ಎಂದು ನೋಡುವವನು ನಾನು. ಕಂಪನ ಹಿಡಿಯುವ ಇಪ್ಪತ್ನಾಲ್ಕು ಜಿಯೋಫೋನ್‌ಗಳನ್ನು ನೆಲಕ್ಕೆ ಸಾಲಾಗಿ ಚುಚ್ಚಿ, ಒಂದು ತುದಿಯಲ್ಲಿ ಕಬ್ಬಿಣದ ಹಲಗೆ ಇಟ್ಟು ಅದಕ್ಕೆ ಪೆಟ್ಟು ಕೊಟ್ಟರೆ ನೆಲದಲ್ಲಿ ಅಲೆಗಳು ಓಡುತ್ತವೆ. ಗಿಡ್ಡ ಅಲೆ ಮೇಲ್ಮಣ್ಣಿನಲ್ಲೇ ಹೋಗುತ್ತದೆ, ಉದ್ದದ್ದು ಆಳದ ಮಣ್ಣನ್ನೂ ಮುಟ್ಟುತ್ತದೆ. ಯಾವುದರ ವೇಗ ಎಷ್ಟು ಎಂಬುದನ್ನು ಕಂಪ್ಯೂಟರ್ ಒಂದು ಬಾಗಿದ ಗೆರೆಯಾಗಿ ತೋರಿಸುತ್ತದೆ. ಕೆಳಗಿನ ಮಣ್ಣಿನ ಗಟ್ಟಿತನವನ್ನು ಆ ಗೆರೆಯಿಂದ ಲೆಕ್ಕ ಹಾಕುತ್ತೇವೆ. ಪೆಟ್ಟು ಕೊಡುವುದು ಯಾವುದರಿಂದ ಎಂದು ಅಮ್ಮ ಎಂದೂ ಕೇಳಿರಲಿಲ್ಲ.

ಚಾಮರಾಜಪೇಟೆಯಲ್ಲಿ ನಮ್ಮ ಮನೆಯ ಹಿಂದಿನ ರಸ್ತೆಯಲ್ಲೇ ಕೆಲಸ ಬಿತ್ತು. "ನಾನೂ ನೋಡ್ತೀನಿ" ಎಂದಳು ಅಮ್ಮ. ಅದಕ್ಕೇನಂತೆ! ಸಮ್ಮಟಿಗೆಯನ್ನು ಜೊತೆಯ ಎಂಜಿನಿಯರ್ ರಫೀಕನ ಕೈಗೆ ಕೊಟ್ಟು, ನಾನು ಕೊಡೆಯ ಕೆಳಗೆ ಲ್ಯಾಪ್‌ಟಾಪ್ ತೆರೆದು ವಿರಾಜಮಾನನಾದೆ. ಅಮ್ಮ ರೇಷ್ಮೆ ಸೀರೆ ಉಟ್ಟು, ಪಕ್ಕದ ಮನೆಯ ಶಾಂತಮ್ಮನವರನ್ನೂ ಕರೆತಂದಳು.

"ನೋಡ್ರೀ ಶಾಂತಮ್ಮ, ಹೊಡೆಯೋಕೇ ಬೇರೆ ಜನ ಇದಾರೆ."

"ಸಾರ್, ಹೊಡೀಲಾ?" ಎಂದ ರಫೀಕ. ಅವನು ನನ್ನನ್ನು ಸಾರ್ ಎಂದದ್ದು ಅಂದೇ ಮೊದಲು. ಎರಡು ಬೋಂಡಾ ಸೂಪ್‌ಗೆ ಆದ ಒಪ್ಪಂದ ಅದು.

ಹೊಡೆದ. ಕೊನೆಯ ಆರು ಜಿಯೋಫೋನ್‌ಗಳಿಗೆ ಏನೂ ತಲುಪಲಿಲ್ಲ. ಮತ್ತೆ ಹೊಡೆದ. ಪೆಟ್ಟು ಕಬ್ಬಿಣದ ಹಲಗೆ ಬಿಟ್ಟು ಪಕ್ಕದ ನೆಲಕ್ಕೆ ಬಿತ್ತು. ಮೂರನೆಯದಕ್ಕೆ ತೆರೆಯ ಮೇಲೆ ಗೆರೆಯ ಬದಲು ಚೆಲ್ಲಿದ ರವೆ ಕಾಣಿಸಿತು.

"ಏನ್ ಮಗಾ, ಸೊಳ್ಳೆ ಹೊಡೀತಿದೀಯಾ?" ಎಂದೆ.

"ನೀನೇ ಬಂದು ಹೊಡಿ ಗುರು." ಸಾರ್ ಅಲ್ಲಿಗೆ ಮುಗಿಯಿತು.

ಸುಮ್ಮನೆ ಕುಳಿತಿದ್ದರೆ ಬಚಾವಾಗುತ್ತಿದ್ದೆ. ಆದರೆ ಕೆಟ್ಟ ಗೆರೆಯನ್ನು ಸಹಿಸಲು ನನ್ನ ಕೈಲಿ ಆಗುವುದಿಲ್ಲ. ಎದ್ದೆ. ಅಂಗೈ ಉಜ್ಜಿದೆ, ಎಡಗಾಲು ಮುಂದಿಟ್ಟೆ, ಒಂದೇ ಪೆಟ್ಟು. ಇಪ್ಪತ್ನಾಲ್ಕೂ ಎದ್ದು ಕುಣಿದವು. ಅಂಥ ಚೆಂದದ ಗೆರೆ ಆ ವರ್ಷದಲ್ಲೇ ಬಂದಿರಲಿಲ್ಲ. ಬೀಗುತ್ತ ಅಮ್ಮನ ಕಡೆ ತಿರುಗಿದೆ.

ಅಮ್ಮ ಜಲ್ಲಿರಾಶಿಯ ಮೇಲೆ ಕುಸಿದು ಕುಳಿತಿದ್ದಳು, ರೇಷ್ಮೆ ಸೀರೆಯಲ್ಲೇ.

"ಕಾಲು ನಿಮ್ಮಪ್ಪನ ಥರಾನೇ ಇಡ್ತೀಯ" ಎಂದಳು. "ಎಷ್ಟು ವರ್ಷದಿಂದ ಹೊಡೀತಿದೀಯ?"

"ಆರು."

ಶಾಂತಮ್ಮ ಹತ್ತಿರ ಬಂದು "ಏನಾಯ್ತ್ರೀ?" ಎಂದರು. ಅಮ್ಮ ಸೆರಗಿನಿಂದ ಮುಖ ಒರೆಸಿಕೊಂಡಳು.

"ಏನಿಲ್ಲ, ಬಿಸಿಲು. ಹೆಂಗೆ ಹೊಡೀಬೇಕು ಅಂತ ಅವರಿಗೆ ತೋರಿಸಿಕೊಟ್ಟ ಅಷ್ಟೇ. ಆಫೀಸರ್ ಅಲ್ವಾ."

ಸಂಜೆ ಮನೆಯಲ್ಲಿ ಅಮ್ಮ ನನ್ನ ಅಂಗೈ ಬಿಡಿಸಿ, ಜಡ್ಡುಗಟ್ಟಿದ ಜಾಗಕ್ಕೆಲ್ಲ ಕೊಬ್ಬರಿ ಎಣ್ಣೆ ಹಚ್ಚಿದಳು. ಎದುರಿನ ಗೋಡೆಯಲ್ಲಿ ಅಪ್ಪನ ಫೋಟೋ ಇತ್ತು. ಅದಕ್ಕೆ ಕಾಣದಂತೆ ಅಡ್ಡ ಕುಳಿತು, ಮೆಲ್ಲಗೆ ಹೇಳಿದಳು: "ಅವರಿಗೆ ಗೊತ್ತಾಗೋದು ಬೇಡ."

ಹದಿನೆಂಟು ವರ್ಷ ಓದಿದ್ದೇನೆ. ಅಪ್ಪ ಹೊಡೆದರೆ ಕಲ್ಲಾದರೂ ಒಡೆಯುತ್ತಿತ್ತು. ನಾನು ಹೊಡೆದರೆ ಒಂದು ಗೆರೆ ಬಾಗುತ್ತದೆ.